ಒಂದು ಟ್ರೇಯಷ್ಟು ಆಸ್ತಿ

ಎಂಆರ್‌ಐ ಯಂತ್ರವಿರುವ ಕೋಣೆಗೆ ಹೋಗುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ಕಳಚಿಡಬೇಕು. ಕೈಗಡಿಯಾರ, ಉಂಗುರ, ಬೆಲ್ಟು, ಬೀಗದ ಕೈಗಳ ಗೊಂಚಲು, ಚಿಲ್ಲರೆ ಕಾಸು, ಕೊನೆಗೆ ಕನ್ನಡಕ, ಹೀಗೆ ಒಂದೊಂದಾಗಿ ಎಲ್ಲವೂ ಒಂದು ಪ್ಲಾಸ್ಟಿಕ್ ಟ್ರೇ ಸೇರಿದವು. ಒಳಗಿನ ಅಯಸ್ಕಾಂತದ ಬಲ ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಅದರ ಹತ್ತಿರ ಕಬ್ಬಿಣದ ಸಣ್ಣ ತುಂಡೂ ಬಾಣದಂತೆ ಹಾರೀತೆಂದು ಇಷ್ಟೆಲ್ಲ ಎಚ್ಚರಿಕೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ನಾನು’ ಎಂದು ಒಪ್ಪಿಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಈಗ ಟ್ರೇಯಲ್ಲಿ ಬಿದ್ದಿತ್ತು. ಉಳಿದ ಕಾಲು ಪಾಲು, ಬೆನ್ನ ಹಿಂದೆ ದಾರ ಕಟ್ಟುವ ಹಸಿರು ಅಂಗಿ ತೊಟ್ಟು, ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿಕೊಂಡು ಯಂತ್ರದ ಕೊಳವೆಯತ್ತ ನಡೆಯಿತು.

ತೊಡೆಯ ಆಳದಲ್ಲಿ ಕೈಗೆ ಸಿಕ್ಕ ಒಂದು ಗಂಟು ಈ ಎಲ್ಲ ರಗಳೆಗೆ ಕಾರಣ. ಚಿತ್ರ ನೋಡಿದ ವೈದ್ಯರು ಖಚಿತವಾಗಿ ಏನನ್ನೂ ಹೇಳದೆ ಬಯಾಪ್ಸಿ ಮಾಡಿಸೋಣ ಎಂದರು. ಸೂಜಿಯಲ್ಲಿ ತೆಗೆದ ಆ ಚೂರು ನೂಲಿನೆಳೆಯಂತಿತ್ತು. ಅದನ್ನು ಫಾರ್ಮಲಿನ್ ತುಂಬಿದ ಪುಟ್ಟ ಶೀಶೆಯಲ್ಲಿ ಹಾಕಿ, ಮೇಲೆ ನನ್ನ ಹೆಸರು, ವಯಸ್ಸು ಬರೆದ ಚೀಟಿ ಅಂಟಿಸಿದರು. ಮುಂದೆ ಅದನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾಗಿ ಹೆರೆದು, ನೇರಳೆ ಮತ್ತು ಗುಲಾಬಿ ಬಣ್ಣಗಳನ್ನು ಹಿಡಿಸಿ ಸೂಕ್ಷ್ಮದರ್ಶಕದಡಿ ಇಡುತ್ತಾರಂತೆ. ನನ್ನ ಹೆಸರಿನಲ್ಲಿ ನೋಂದಣಿಯಾದ ವಸ್ತುಗಳು ಅದುವರೆಗೆ ಸಾಕಷ್ಟಿದ್ದವು. ಆದರೆ ಅಪರಿಚಿತರ ಕೈಗೆ ರಸೀದಿಯಿಲ್ಲದೆ ಒಪ್ಪಿಸಿ ಬಂದ ಆ ಶೀಶೆಯಷ್ಟು ನನ್ನ ನಿದ್ದೆಗೆಡಿಸಿದ ಸ್ವತ್ತು ಬೇರೊಂದಿರಲಿಲ್ಲ.

ವರದಿ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ನಾನು ಮನೆಯೊಳಗೆ ಜಪ್ತಿಗೆ ಬಂದ ಅಮೀನನಂತೆ ತಿರುಗಿದೆ. ಮೇಜಿನ ಕೆಳಖಾನೆಯನ್ನು ಎಳೆದರೆ ಸತ್ತುಹೋದ ಉಪಕರಣಗಳ ಗ್ಯಾರಂಟಿ ಕಾರ್ಡುಗಳು, ಯಾವ ಫೋನಿಗೂ ಹೊಂದದ ಚಾರ್ಜರುಗಳು, ಹರಳು ಉದುರಿದ ಒಂದು ಟೈಪಿನ್ನು, ದಾರದಲ್ಲಿ ಪೋಣಿಸಿಟ್ಟ ಹನ್ನೊಂದು ಬೀಗದ ಕೈಗಳು. ಹೆಂಡತಿ ಗೊಂಚಲನ್ನೆತ್ತಿ, “ಇವು ಯಾವುದರವು?” ಎಂದು ಕೇಳಿದಳು. ಐದಕ್ಕೆ ಉತ್ತರ ಗೊತ್ತಿತ್ತು, ಆರಕ್ಕೆ ಗೊತ್ತಿರಲಿಲ್ಲ. ನನಗೆ ದಿಗಿಲಾದದ್ದು ಗೊತ್ತಿದ್ದ ಐದನ್ನು ನೆನೆದು. ಯಾವ ಕೈ ಯಾವ ಬೀಗದ್ದು, ಯಾವ ಹಳೆಯ ಪೆನ್ನು ಯಾರು ಕೊಟ್ಟದ್ದು, ಯಾವ ಒಡಕು ಬಟ್ಟಲನ್ನು ಏಕೆ ಎಸೆಯಲಿಲ್ಲ ಎಂಬುದೆಲ್ಲ ಬರೆದಿದ್ದುದು ನನ್ನ ತಲೆಯೊಳಗೆ ಮಾತ್ರ. ಆ ಪುಸ್ತಕವೇ ಇಲ್ಲವಾದ ದಿನ ಇವೆಲ್ಲ ಒಂದೇ ಮಧ್ಯಾಹ್ನದಲ್ಲಿ ಗುಜರಿಯಾಗಿಬಿಡುತ್ತವೆ, ಹಾಗೆ ಮಾಡಿದವರದು ತಪ್ಪೂ ಅಲ್ಲ.

ಹಾಗಾಗಿ ಕೊಡತೊಡಗಿದೆ. ಯಾರಿಗೂ ಮುಟ್ಟಗೊಡದೆ ಇಟ್ಟಿದ್ದ ಕ್ಯಾಮೆರಾ ಅಕ್ಕನ ಮಗನ ಪಾಲಾಯಿತು, “ಮಾವ, ನಿಜವಾಗಿಯೂ?” ಎಂದು ಅವನು ಎರಡು ಸಲ ಕೇಳಿದ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಲ್ಲಿ ಒಂದು ವಿಚಿತ್ರವನ್ನು ಗುರುತಿಸಿ ಹೆಸರಿಟ್ಟರು: ವಸ್ತು ನಮ್ಮದಾದ ಕ್ಷಣದಿಂದ ನಮ್ಮ ಕಣ್ಣಿನಲ್ಲಿ ಅದರ ಬೆಲೆ ಏರುತ್ತದೆ. ಮುಂದೆ 1990ರಲ್ಲಿ ಅವರು ಡೇನಿಯಲ್ ಕಾನ್‌ಮನ್ ಮತ್ತು ಜ್ಯಾಕ್ ನೆಟ್ಷ್ ಜೊತೆ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಾಫಿ ಲೋಟ ಕೈಗೆ ಬಂದವರು ಅದನ್ನು ಮಾರಲು ಕೇಳಿದ ಬೆಲೆ, ಕೊಳ್ಳುವವರು ಕೊಡಲೊಪ್ಪಿದ್ದರ ಸರಿಸುಮಾರು ಇಮ್ಮಡಿಯಿತ್ತು. ಲೋಟದ ಒಡೆಯ ನಾಳೆಯೂ ಅದರಲ್ಲಿ ಕುಡಿಯುತ್ತಾನೆಂಬ ಭರವಸೆ ಆ ಲೆಕ್ಕದೊಳಗೆ ಸದ್ದಿಲ್ಲದೆ ಕುಳಿತಿದೆ ಎಂದು ನನಗನ್ನಿಸುತ್ತದೆ. ಆ ಭರವಸೆ ಸಡಿಲವಾದ ವಾರದಲ್ಲಿ ನಾನು ಕ್ಯಾಮೆರಾದ ಜೊತೆ ಅದರ ಚೀಲವನ್ನೂ ಕೊಟ್ಟೆ.

ಹತ್ತನೆಯ ದಿನ ವರದಿ ಬಂತು. ಗಂಟು ನಿರಪಾಯಕಾರಿ, ಆರು ತಿಂಗಳ ನಂತರ ಇನ್ನೊಮ್ಮೆ ಚಿತ್ರ ತೆಗೆಸಿದರೆ ಸಾಕು. ಪುರಾಣ ವೈರಾಗ್ಯ, ಪ್ರಸವ ವೈರಾಗ್ಯ, ಸ್ಮಶಾನ ವೈರಾಗ್ಯ ಎಂದು ಹಿರಿಯರು ಮೂರನ್ನು ಎಣಿಸಿದ್ದಾರೆ. ಬಯಾಪ್ಸಿ ವೈರಾಗ್ಯ ಅವರ ಕಾಲದಲ್ಲಿರಲಿಲ್ಲ, ಆದರೆ ಅದರ ಆಯುಷ್ಯವೂ ಹೆಚ್ಚೇನಲ್ಲ. ನಾಲ್ಕನೆಯ ದಿನವೇ ನನಗೆ ಕ್ಯಾಮೆರಾ ನೆನಪಾಯಿತು. ಅಕ್ಕನ ಮನೆಗೆ ಹೋದಾಗ ಕೇಳಬಾರದೆಂದುಕೊಂಡೇ, “ಲೆನ್ಸಿಗೆ ಧೂಳು ಹಿಡಿಯದಂತೆ ನೋಡಿಕೊಳ್ಳುತ್ತಿದ್ದೀಯಲ್ಲ?” ಎಂದೆ. ಹುಡುಗ ಒಳಗಿನಿಂದ ತಂದು ತೋರಿಸಿದ. ಪಟ್ಟಿ ಬದಲಾಗಿತ್ತು, ಮೂಲೆಯಲ್ಲಿ ಒಂದು ಗೀರು ಬಿದ್ದಿತ್ತು, ಒಳಗೆ ಒಂದು ತಿಂಗಳಲ್ಲಿ ತೆಗೆದ ಎಂಟುನೂರು ಚಿತ್ರಗಳಿದ್ದವು. ನಾನು ಆರು ವರ್ಷದಲ್ಲಿ ಅಷ್ಟು ತೆಗೆದಿರಲಿಲ್ಲ. ಗೀರಿನ ಮೇಲೆ ಹೆಬ್ಬೆರಳು ಸವರಿ ಹಿಂದಿರುಗಿಸಿದೆ. ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು.

ಒಂದು ಬದಲಾವಣೆ ಮಾತ್ರ ಉಳಿದುಕೊಂಡಿದೆ. ವಿಶೇಷ ದಿನಕ್ಕೆಂದು ಕಾಗದದ ಸುತ್ತು ಬಿಚ್ಚದೆ ಇಟ್ಟಿದ್ದ ಹೊದಿಕೆಗಳು ಈಗ ಹಾಸಿಗೆಯ ಮೇಲಿವೆ. ಒಂದಕ್ಕೆ ಆಗಲೇ ಶಾಯಿಯ ಕಲೆಯಾಗಿದೆ, ಎತ್ತಿಟ್ಟಿದ್ದ ಒಳ್ಳೆಯ ಪೆನ್ನಿನದು.

ಆರು ತಿಂಗಳಿಗೆ ಮತ್ತೆ ಅದೇ ಕೋಣೆ, ಅದೇ ಟ್ರೇ. ಗಡಿಯಾರ, ಉಂಗುರ, ಬೆಲ್ಟು ಸರಸರನೆ ಬಿಚ್ಚಿಟ್ಟೆ. ಯಂತ್ರ ನಡೆಸುವ ಹುಡುಗ, “ಜೇಬಿನಲ್ಲಿ ಇನ್ನೇನಾದರೂ ಇದೆಯಾ ಸರ್?” ಎಂದ. ಇಲ್ಲವೆನ್ನುತ್ತ ತಡಕಿದರೆ ಬೆರಳಿಗೆ ಒಂದು ಬೀಗದ ಕೈ ಸಿಕ್ಕಿತು. ಗೊತ್ತಿಲ್ಲದ ಆರರಲ್ಲಿ ಒಂದು. ಬೀಗ ಎಲ್ಲಾದರೂ ಕಂಡರೆ ಹಾಕಿ ನೋಡೋಣವೆಂದು ಬೆಳಿಗ್ಗೆ ನಾನೇ ಜೇಬಿಗಿಳಿಸಿದ್ದೆ.