ಒಂದು ಅಕ್ಷರಕ್ಕೆ ಎಂಟು ವಾರ

ನನ್ನ ಮಗಳು ಟೋಕಿಯೊದ ಒಂದು ಸರಕಾರಿ ಜೂನಿಯರ್ ಹೈಸ್ಕೂಲಿನ ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ. ನಮ್ಮ ಲೆಕ್ಕದಲ್ಲಿ ಅದು ಎಂಟನೇ ತರಗತಿ. ಈ ವರ್ಷ ಚಿತ್ರಕಲಾ ತರಗತಿಯಲ್ಲಿ ಅವಳಿಗೆ ಕೊಟ್ಟ ಕೆಲಸ ಒಂದು ಪುಟ್ಟ ಮುದ್ರೆಯನ್ನು ಕೆತ್ತುವುದು. ಬಳಪದ ಕಲ್ಲಿನಂಥ ಮೆದುವಾದ ಒಂದು ಕಲ್ಲಿನ ತುಂಡನ್ನು ಎಲ್ಲ ಮಕ್ಕಳಿಗೂ ಕೊಟ್ಟು, ತಮ್ಮ ಹೆಸರಿನ ಒಂದು ಅಕ್ಷರವನ್ನು ಅದರ ಮುಖದ ಮೇಲೆ ಕೆತ್ತಿ, ಕೆಂಪು ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಬೇಕೆಂದು ಹೇಳಿದರು. ಜಪಾನಿನಲ್ಲಿ ಸಹಿಯ ಬದಲು ಮುದ್ರೆಯೊತ್ತುವ ವಾಡಿಕೆ ಹಳೆಯದು. ಕಲ್ಲಿನಲ್ಲಿ ಅಕ್ಷರ ಕೆತ್ತುವ ಈ ಕಲೆಯನ್ನು ತೆನ್ಕೊಕು ಎನ್ನುತ್ತಾರೆ. ಸಹಪಾಠಿಗಳೆಲ್ಲ ಚೀನೀ ಮೂಲದ ಕಾಂಜಿ ಅಕ್ಷರಗಳನ್ನು ಆರಿಸಿಕೊಂಡಾಗ, ಇವಳು ಕನ್ನಡದ ‘ನ’ ಅಕ್ಷರವನ್ನು ಕೆತ್ತುತ್ತೇನೆಂದು ಹೊರಟಳು. ಆ ಒಂದು ಅಕ್ಷರಕ್ಕೆ ಎಂಟು ವಾರ ಹಿಡಿಯಿತು.

ಮೊದಲ ಎರಡು ವಾರ ಅವಳು ಕಲ್ಲನ್ನು ಮುಟ್ಟಲೇ ಇಲ್ಲ. ಒಂದು ಹಾಳೆಯಲ್ಲಿ ಚೌಕಗಳನ್ನು ಹಾಕಿಕೊಂಡು, ಒಂದೊಂದು ಚೌಕದಲ್ಲಿ ಅದೇ ಅಕ್ಷರವನ್ನು ಒಂದೊಂದು ಬಗೆಯಲ್ಲಿ ಬರೆದಳು: ತಲೆಕಟ್ಟನ್ನು ಮನೆಯ ಸೂರಿನಂತೆ ಅಗಲಿಸಿ, ಕೆಳಗಿನ ಸುರುಳಿಯನ್ನು ಚೌಕದ ಅಂಚಿಗೆ ತಾಗಿಸಿ, ಗೆರೆಯನ್ನು ಒಮ್ಮೆ ದಪ್ಪಗೆ, ಒಮ್ಮೆ ಸಣ್ಣಗೆ ಮಾಡಿ. ಕನ್ನಡವನ್ನು ಓದಲು ಬಾರದ ಚಿತ್ರಕಲಾ ಶಿಕ್ಷಕಿ ಹಾಳೆಯನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: ಕೆಂಪಾಗಿ ಕಾಣಬೇಕಾದದ್ದು ಅಕ್ಷರವೋ, ಅದರ ಸುತ್ತಲಿನ ಜಾಗವೋ? ಅಕ್ಷರ ಕೆಂಪಾಗಬೇಕಾದರೆ ಸುತ್ತಲಿನ ಕಲ್ಲನ್ನೆಲ್ಲ ತೆಗೆದು ಗೆರೆಯನ್ನು ಎತ್ತರದಲ್ಲಿ ಉಳಿಸಬೇಕು; ಸುತ್ತಲು ಕೆಂಪಾಗಿ ಅಕ್ಷರ ಬೆಳ್ಳಗೆ ಮೂಡಬೇಕಾದರೆ ಗೆರೆಯನ್ನೇ ಕೊರೆದರೆ ಸಾಕು. ಕಾಂಜಿಯಲ್ಲಿ ನೇರ ಗೆರೆಗಳು ಹೆಚ್ಚು, ನಮ್ಮ ಅಕ್ಷರವೆಲ್ಲ ಬಾಗು. ಬಾಗಿದ ಗೆರೆಯನ್ನು ಸಣ್ಣಗೆ ಎತ್ತರಿಸಿ ನಿಲ್ಲಿಸಿದರೆ ಉಳಿ ತಗುಲಿದೊಡನೆ ಮುರಿಯುತ್ತದೆ. ಇದನ್ನು ಯಾರೂ ಅವಳಿಗೆ ಮೊದಲೇ ಹೇಳಿಕೊಡಲಿಲ್ಲ. ಐದನೇ ವಾರ ತಲೆಕಟ್ಟಿನ ತುದಿ ಚಕ್ಕೆಯಾಗಿ ಹಾರಿದಾಗ ಅದು ತಾನಾಗಿಯೇ ತಿಳಿಯಿತು.

ಅವಳು ಅಂದು ಅತ್ತುಕೊಂಡೇ ಮನೆಗೆ ಬಂದಳು. ಮರುವಾರ ಶಿಕ್ಷಕಿ ಹಳೆಯ ಮುದ್ರೆಗಳ ಚಿತ್ರಗಳನ್ನು ತಂದು ತೋರಿಸಿದರಂತೆ. ಈ ಕಲೆಯಲ್ಲಿ ಚಕ್ಕೆಯೆದ್ದ ಗೆರೆಯನ್ನು ದೋಷವೆಂದು ಎಣಿಸುವುದಿಲ್ಲ. ಮುದ್ರೆಯ ಚೌಕಟ್ಟನ್ನು ಬೇಕೆಂದೇ ಅಲ್ಲಲ್ಲಿ ತಟ್ಟಿ ಒರಟುಗೊಳಿಸುವ ಪದ್ಧತಿಯೇ ಇದೆ. ಅದನ್ನು ನೋಡಿದ ಮೇಲೆ ಅವಳು ಮುರಿದ ತುದಿಗೆ ಎದುರಾಗಿರುವ ಮೂಲೆಯನ್ನೂ ಉಳಿಯಿಂದ ಮೆಲ್ಲಗೆ ತಟ್ಟಿದಳು. ಕಾಗದದ ಮೇಲೆ ಒತ್ತಿದಾಗ ಆ ಎರಡು ಮುರುಕುಗಳ ನಡುವೆ ಅಕ್ಷರ ಓರೆಯಾಗಿ ನಿಂತಂತೆ ಕಂಡಿತು. ನಾನು ನೋಡಿರುವ ‘ನ’ಗಳಲ್ಲಿ ಅದು ನನಗೆ ಬಹಳ ಇಷ್ಟವಾದದ್ದು.

ಜಪಾನಿನಲ್ಲಿ ಆರು ವರ್ಷದ ಪ್ರಾಥಮಿಕ ಶಾಲೆಯ ನಂತರ ಬರುವ ಈ ಮೂರು ವರ್ಷಗಳು ಕಡ್ಡಾಯ ಶಿಕ್ಷಣದ ಭಾಗ, ಬಿಜುತ್ಸು ಎಂಬ ಚಿತ್ರಕಲಾ ವಿಷಯವೂ ಎಲ್ಲ ಮಕ್ಕಳಿಗೆ ಕಡ್ಡಾಯ. ವರ್ಷದ ಒಟ್ಟು 1015 ಪೀರಿಯಡ್‌ಗಳಲ್ಲಿ ಅದಕ್ಕೆ ಸಿಗುವುದು ಮೊದಲ ವರ್ಷ 45, ನಂತರದ ಎರಡು ವರ್ಷ ತಲಾ 35. ಅಂದರೆ ವಾರಕ್ಕೆ ಸುಮಾರು 50 ನಿಮಿಷದ ಒಂದು ಪೀರಿಯಡ್. ಇದು ಹೆಚ್ಚಿನ ಸಮಯವೇನಲ್ಲ. ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲೂ ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ ಇರುತ್ತಿತ್ತು. ವ್ಯತ್ಯಾಸವಿರುವುದು ಆ ಸಮಯವನ್ನು ಬಳಸುವ ರೀತಿಯಲ್ಲಿ. ಇಲ್ಲಿ ಒಂದು ಕೆಲಸ ಆರೇಳು ವಾರ ನಡೆಯುತ್ತದೆ: ಮೊದಲು ಕರಡು ಚಿತ್ರಗಳು, ಆಮೇಲೆ ವಸ್ತುವಿನೊಡನೆ ಒಡನಾಟ, ಕೊನೆಯಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಬರೆಯುವ ಟಿಪ್ಪಣಿ. ತನ್ನದೇ ಕೈಯನ್ನು ಎದುರಿಗಿಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಬರೆಯುವುದು, ಮರದ ತುಂಡಿನಿಂದ ಚಮಚ ಕೆತ್ತುವುದು, ಮರದ ಹಲಗೆ ಕೆತ್ತಿ ಅಚ್ಚು ತೆಗೆಯುವುದು, ತನ್ನ ಮುಖವನ್ನೇ ಚಿತ್ರಿಸುವುದು, ಇವೆಲ್ಲ ಈ ಮೂರು ವರ್ಷಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಮಾಡುವ ಕೆಲಸಗಳು.

ನಾನು ಕಲಿತ ಡ್ರಾಯಿಂಗ್ ತರಗತಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಒಂದು ಚಿತ್ರ ಬರೆಯುತ್ತಿದ್ದರು, ನಾವು ಅದನ್ನು ಡ್ರಾಯಿಂಗ್ ಪುಸ್ತಕಕ್ಕೆ ಇಳಿಸುತ್ತಿದ್ದೆವು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹರಿಯುವ ಹೊಳೆ. ನಲವತ್ತು ಪುಸ್ತಕಗಳಲ್ಲೂ ಅದೇ ಸೂರ್ಯ. ಪೀರಿಯಡ್ ಮುಗಿಯುವ ಹೊತ್ತಿಗೆ ಚಿತ್ರವೂ ಮುಗಿದು ‘ಗುಡ್’ ಬಿದ್ದಿರಬೇಕು. ಪರೀಕ್ಷೆ ಹತ್ತಿರ ಬಂದಾಗ ಆ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತಿತ್ತು. ಚೆನ್ನಾಗಿ ಚಿತ್ರ ಬರೆಯುವ ಇಬ್ಬರು ಮೂವರು ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕಟ್ಟುತ್ತಿದ್ದರು. ಉಳಿದವರು ‘ನನಗೆ ಡ್ರಾಯಿಂಗ್ ಬರೋದಿಲ್ಲ’ ಎಂದು ಆ ವಯಸ್ಸಿಗೇ ತೀರ್ಮಾನಿಸಿಬಿಡುತ್ತಿದ್ದರು. ಆ ಉಳಿದವರಲ್ಲಿ ನಾನೂ ಒಬ್ಬ.

ಈ ತೀರ್ಮಾನ ಹನ್ನೆರಡು ಹದಿಮೂರರ ವಯಸ್ಸಿನಲ್ಲೇ ಆಗುವುದು ಆಕಸ್ಮಿಕವಲ್ಲ. ಚಿಕ್ಕ ಮಕ್ಕಳು ತಾವು ಬರೆದದ್ದನ್ನು ಕಣ್ಣೆದುರಿನ ವಸ್ತುವಿನೊಡನೆ ಹೋಲಿಸಿ ನೋಡುವುದಿಲ್ಲ. ಹದಿಹರೆಯದ ಹೊಸ್ತಿಲಲ್ಲಿರುವವರು ಹೋಲಿಸುತ್ತಾರೆ. ಕಣ್ಣು ಕಂಡದ್ದನ್ನು ಕೈ ತರಲಾರದೆಂದು ಕಂಡುಕೊಂಡು ನಾಚುತ್ತಾರೆ. ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿದ ಕಲಾಶಿಕ್ಷಣ ಚಿಂತಕ ವಿಕ್ಟರ್ ಲೋವೆನ್‌ಫೆಲ್ಡ್ ಅವರೂ ಈ ವಯಸ್ಸನ್ನು ಪ್ರತ್ಯೇಕ ಹಂತವೆಂದೇ ಗುರುತಿಸಿದ್ದರು. ಆದ್ದರಿಂದ ಈ ಮಕ್ಕಳಿಗೆ ಕೊಡುವ ಕೆಲಸ ‘ಇದ್ದಂತೆಯೇ ಬರೆ’ ಎಂಬ ಒಂದೇ ಅಳತೆಗೋಲಿಗೆ ಕಟ್ಟುಬಿದ್ದಿರಬಾರದು ಎಂಬುದು ನನ್ನ ದೃಢವಾದ ನಂಬಿಕೆ. ಕಲ್ಲು, ಮರ, ಅಚ್ಚು, ಅಕ್ಷರ ಇವುಗಳಲ್ಲಿ ಕೈಚಳಕಕ್ಕಿಂತ ಯೋಚನೆಗೆ ಹೆಚ್ಚಿನ ಎಡೆಯಿದೆ. ಚಿತ್ರ ಬಾರದೆಂದು ಹಿಂದೆ ಕೂತ ಹುಡುಗ ಮರದ ಚಮಚದ ಹಿಡಿಯನ್ನು ತನ್ನ ಹೆಬ್ಬೆರಳಿಗೆ ಒಪ್ಪುವಂತೆ ಉಜ್ಜಿ ಉಜ್ಜಿ ನಯಗೊಳಿಸುವುದನ್ನು ನಾನು ಪೋಷಕರ ದಿನದಂದು ಕಣ್ಣಾರೆ ಕಂಡಿದ್ದೇನೆ.

ಜಪಾನು ಮೊದಲಿನಿಂದಲೂ ಹೀಗಿತ್ತೆಂದು ಭಾವಿಸಬಾರದು. ನೂರು ವರ್ಷಗಳ ಹಿಂದೆ ಇಲ್ಲಿಯ ಶಾಲೆಗಳಲ್ಲೂ ಮಾದರಿ ಪುಸ್ತಕವನ್ನು ನೋಡಿ ನಕಲು ಮಾಡುವುದೇ ಚಿತ್ರಕಲೆಯ ಪಾಠವಾಗಿತ್ತು. 1882ರಲ್ಲಿ ಹುಟ್ಟಿದ ಯಾಮಾಮೊತೊ ಕಾನಾಎ ಎಂಬ ಕಲಾವಿದ ಫ್ರಾನ್ಸಿನಲ್ಲಿ ಕೆಲ ವರ್ಷ ಕಳೆದು, ರಷ್ಯಾದ ಮೂಲಕ ಊರಿಗೆ ಮರಳುವಾಗ ಅಲ್ಲಿ ರೈತರ ಕರಕುಶಲ ಕೆಲಸಗಳನ್ನೂ ಮಕ್ಕಳ ಚಿತ್ರಗಳನ್ನೂ ನೋಡಿ ಬೆರಗಾದರು. 1919ರಲ್ಲಿ ನಾಗಾನೊ ಪ್ರಾಂತ್ಯದ ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳ ಸ್ವತಂತ್ರ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದರು. ಮಾದರಿಯಿಲ್ಲದೆ, ಕಂಡದ್ದನ್ನು ಕಂಡ ಹಾಗೆ ಬರೆದ ಚಿತ್ರಗಳವು. ಮರದಚ್ಚಿನ ಕಲೆಯಲ್ಲಿ ಬರೆಯುವವನೊಬ್ಬ, ಕೆತ್ತುವವನೊಬ್ಬ, ಒತ್ತುವವನು ಇನ್ನೊಬ್ಬನೆಂಬ ಹಳೆಯ ವಿಭಜನೆಯನ್ನು ಬಿಟ್ಟು, ಮೂರನ್ನೂ ಒಬ್ಬನೇ ಮಾಡಬೇಕೆಂಬ ದಾರಿ ತೆರೆದವರಲ್ಲಿಯೂ ಅವರು ಮೊದಲಿಗರು. ನನ್ನ ಮಗಳು ಕರಡಿನಿಂದ ಮುದ್ರೆಯವರೆಗೆ ಎಲ್ಲವನ್ನೂ ತಾನೇ ಮಾಡಿದ್ದರ ಹಿಂದೆ ಆ ಹಠದ ನೆರಳಿದೆ ಎಂದೇ ನನಗೆ ಅನಿಸುತ್ತದೆ.

ಇಲ್ಲಿಯ ಕೊರತೆಗಳನ್ನೂ ಹೇಳಬೇಕು. ಕಲ್ಲು, ಹಲಗೆ, ಉಳಿ ಎಲ್ಲವೂ ಒಂದೇ ಅಳತೆಯಲ್ಲಿ, ಒಂದೇ ಪೊಟ್ಟಣದಲ್ಲಿ ಬರುತ್ತವೆ. ಮಕ್ಕಳು ವಸ್ತುವನ್ನು ತಾವೇ ಹುಡುಕಿಕೊಳ್ಳುವುದಿಲ್ಲ. ಚಿಕ್ಕ ಶಾಲೆಗಳಲ್ಲಿ ಚಿತ್ರಕಲೆಗೇ ಮೀಸಲಾದ ಶಿಕ್ಷಕರು ಸಿಗುವುದು ಕಷ್ಟ. ಅಂಕದ ಒತ್ತಡವೂ ಇದೆ. ಈ ಮೂರು ವರ್ಷಗಳಾದ ಮೇಲೆ ಸೇರುವ ಟೋಕಿಯೊದ ಸರಕಾರಿ ಹೈಸ್ಕೂಲುಗಳ ಸಾಮಾನ್ಯ ಪ್ರವೇಶದಲ್ಲಿ, ಲಿಖಿತ ಪರೀಕ್ಷೆಯಿಲ್ಲದ ಚಿತ್ರಕಲೆ, ಸಂಗೀತ ಮೊದಲಾದ ನಾಲ್ಕು ವಿಷಯಗಳ ಶಾಲಾ ಅಂಕವನ್ನು ಇಮ್ಮಡಿಗೊಳಿಸಿ ಲೆಕ್ಕ ಹಿಡಿಯುತ್ತಾರೆ. ಇದರಿಂದ ಡ್ರಾಯಿಂಗ್ ಪೀರಿಯಡನ್ನು ಗಣಿತಕ್ಕೆ ಕೊಟ್ಟುಬಿಡುವುದು ಇಲ್ಲಿ ಯಾರಿಗೂ ಹೊಳೆಯುವುದಿಲ್ಲ, ಅದು ಒಳ್ಳೆಯದೇ. ಆದರೆ ಶಿಕ್ಷಕರಿಗೆ ಏನು ಹಿಡಿಸೀತೆಂದು ಊಹಿಸಿ ಟಿಪ್ಪಣಿ ಬರೆಯುವ ಮಕ್ಕಳೂ ಇದರಿಂದಲೇ ಹುಟ್ಟುತ್ತಾರೆ.

ನಮ್ಮ ಪದ್ಧತಿಯಲ್ಲಿ ಕಳೆದುಕೊಳ್ಳಬಾರದ್ದು ಇಲ್ಲವೆಂದೂ ನಾನು ಹೇಳಲಾರೆ. ಕೈವಾರ ಹಿಡಿಯದೆ ಬರಿಗೈಯಲ್ಲಿ ಕೊಡದ ಬಾಯನ್ನು ಒಂದೇ ಎಳೆತದಲ್ಲಿ ಬರೆಯಬಲ್ಲ ಸಹಪಾಠಿಗಳು ನನಗಿದ್ದರು. ಗ್ರೇಡ್ ಪರೀಕ್ಷೆಯ ತಯಾರಿಯಲ್ಲಿ ಪಳಗಿದ ಅಂಥ ಕೈಗಳನ್ನು ಇಲ್ಲಿಯ ತರಗತಿಗಳಲ್ಲಿ ನಾನು ಕಂಡಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಸೂಚಿಸಿತ್ತು, 2020ರ ಶಿಕ್ಷಣ ನೀತಿ ಕಲೆಗೂ ವಿಜ್ಞಾನಕ್ಕೂ ನಡುವೆ ಗೋಡೆ ಬೇಡವೆಂದಿತು. ಮಾತು ಸಾಕಷ್ಟಾಗಿದೆ.

ನಾನು ಕೇಳುವುದು ಚಿಕ್ಕದು. ಎಂಟನೇ ತರಗತಿಯ ಮಕ್ಕಳಿಗೆ ವರ್ಷದಲ್ಲಿ ಒಂದೇ ಒಂದು ಕೆಲಸವನ್ನಾದರೂ ಆರು ವಾರ ಮಾಡಲು ಬಿಡಬೇಕು. ಅದಕ್ಕೆ ಜಪಾನಿನ ಕಲ್ಲು ಬೇಕಾಗಿಲ್ಲ; ಒಂದು ರಬ್ಬರಿನ ತುಂಡು ಅಥವಾ ಬಟ್ಟೆ ಸೋಪಿನ ಬಾರ್, ಒಂದು ಹಳೆಯ ಸ್ಕ್ರೂಡ್ರೈವರ್, ಒಂದಿಷ್ಟು ಶಾಯಿ ಸಾಕು. ಮೊದಲ ಎರಡು ವಾರ ಮಗು ತನ್ನ ಹೆಸರಿನ ಅಕ್ಷರವನ್ನು ಹತ್ತು ಬಗೆಯಲ್ಲಿ ಬರೆದ ಹಾಳೆಗೆ ಅರ್ಧ ಅಂಕ, ಕೊನೆಯ ಮುದ್ರೆಗೆ ಇನ್ನರ್ಧ ಅಂಕ ಕೊಡಬೇಕು. ಬೋರ್ಡಿನ ಮೇಲೆ ಮೇಷ್ಟ್ರು ಆ ಅಕ್ಷರವನ್ನು ಬರೆದು ತೋರಿಸಬಾರದು.