ಮನಸ್ಸಿನ ಕಾಯಿಲೆಯನ್ನು ಗಮನ ಪರೀಕ್ಷೆ, ದೇಹದ ಅಳತೆಗಳಿಂದ ಅರಿಯಬಹುದೇ?

ಪರ

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಅಂದ ಕೂಡಲೇ ಎಲ್ಲರೂ ಕೇಳುವುದು, "ಕಿವಿಯಲ್ಲಿ ಧ್ವನಿ ಕೇಳಿಸುತ್ತಾ?" ಎಂದೇ. ಆದರೆ ಮಾತ್ರೆಯಿಂದ ಧ್ವನಿ ನಿಂತ ಮೇಲೂ ಹಲವರಿಗೆ ಗಮನ ಒಂದೆಡೆ ನಿಲ್ಲುವುದಿಲ್ಲ. ಹಿಡಿದ ಕೆಲಸ ಅರ್ಧಕ್ಕೇ ಉಳಿಯುತ್ತದೆ. ಮನೆಯವರು ಸೋಮಾರಿತನ ಅಂತ ಬೈಯುತ್ತಾರೆ. ರೋಗಿಗೆ ಅದನ್ನು ಬಿಡಿಸಿ ಹೇಳಲು ಆಗುವುದಿಲ್ಲ.

ಆ ತೊಂದರೆ ಗಮನ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣುತ್ತದೆ. ಅಕ್ಷರಗಳು ಒಂದಾದ ಮೇಲೊಂದು ಬರುತ್ತವೆ. 'ಎ' ಆದ ತಕ್ಷಣ 'ಎಕ್ಸ್' ಬಂದರೆ ಮಾತ್ರ ಬಟನ್ ಒತ್ತಬೇಕು. 1956ರಲ್ಲಿ ಮಿದುಳಿಗೆ ಹಾನಿಯಾದವರಿಗಾಗಿ ಬಂದ ಪರೀಕ್ಷೆ ಇದು. ಎಷ್ಟು ತಪ್ಪಿತು, ಎಷ್ಟು ಸಲ ಸುಮ್ನೆ ಒತ್ತಿದರು, ಎರಡೂ ಲೆಕ್ಕಕ್ಕೆ ಸಿಗುತ್ತವೆ. ಸೋಮಾರಿ ಅನ್ನಿಸಿಕೊಂಡವನಿಗೆ ಇದು ಸಣ್ಣ ನ್ಯಾಯವಲ್ಲ.

ಕಣ್ಣಿನ ಚಲನೆ ಇನ್ನೂ ದೊಡ್ಡ ಸುಳಿವು. ಅತ್ತಿತ್ತ ತೂಗುವ ಗುರಿಯ ಹಿಂದೆ ಹಲವು ರೋಗಿಗಳ ಕಣ್ಣು ಸರಾಗವಾಗಿ ಹೋಗದೆ ಜಿಗಿಯುತ್ತದೆ. ಡೀಫೆಂಡಾರ್ಫ್ ಮತ್ತು ಡಾಡ್ಜ್ ಎಂಬ ಸಂಶೋಧಕರು ಇದನ್ನು 1908ರಲ್ಲೇ ಬರೆದಿಟ್ಟರು. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಹೋಲ್ಜ್‌ಮನ್ ತಂಡ ರೋಗವೇ ಇಲ್ಲದ ಹತ್ತಿರದ ರಕ್ತಸಂಬಂಧಿಗಳಲ್ಲೂ ಇದನ್ನು ಕಂಡಿತು. ವಂಶದಲ್ಲಿ ಏನು ಸಾಗಿ ಬರುತ್ತದೆ ಎಂದು ಹುಡುಕಲು ಒಂದು ದಾರಿ ಸಿಕ್ಕಿತು. ಬರೀ ಮಾತುಕತೆಯಿಂದ ಇದು ಸಿಗುತ್ತಿತ್ತೇ?

ವಿರೋಧ

ಗುಂಪಿನ ಸರಾಸರಿ ಬೇರೆ, ಎದುರಿಗೆ ಕೂತ ವ್ಯಕ್ತಿ ಬೇರೆ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗುವ ಬೈಪೋಲಾರ್ ಕಾಯಿಲೆ ಇರುವವರಲ್ಲೂ ಕಣ್ಣು ಹೀಗೆ ಜಿಗಿಯುವುದುಂಟು. ಖಿನ್ನತೆ ಇದ್ದರೂ, ರಾತ್ರಿ ನಿದ್ದೆ ಕೆಟ್ಟರೂ ಗಮನ ತಪ್ಪುತ್ತದೆ. ದೇಹದ ಇನ್ನೊಂದು ಅಳತೆಯಾದ ಅಂಗೈ ಬೆವರನ್ನು ನೋಡಲು ಹೋದರೆ, ಬೆವರನ್ನೇ ಕಡಿಮೆ ಮಾಡುವ ಔಷಧಿಗಳಿವೆ. ಆಗ ಅಳೆದದ್ದು ರೋಗವನ್ನೋ, ಮಾತ್ರೆಯನ್ನೋ? ಇನ್ನು ಇಂಗ್ಲಿಷ್ ಅಕ್ಷರವನ್ನೇ ಕಲಿಯದ ಅಜ್ಜಿಯನ್ನು ಆ 'ಎಕ್ಸ್' ಮುಂದೆ ಕೂರಿಸಿದರೆ ಬರುವ ಅಂಕಕ್ಕೆ ಅರ್ಥವೇ ಇಲ್ಲ.

ಹಿಂದೆ ಇಂಥ ಆಸೆ ಒಮ್ಮೆ ಮುರಿದಿದೆ. ತೀವ್ರ ಖಿನ್ನತೆಯ ಒಂದು ಬಗೆಯಾದ ಮೆಲಂಕೋಲಿಯಾಕ್ಕೆ 1981ರಲ್ಲಿ ಮನೋವೈದ್ಯ ಬರ್ನಾರ್ಡ್ ಕ್ಯಾರಲ್ ತಂಡ ಒಂದು ಲ್ಯಾಬ್ ಪರೀಕ್ಷೆಯನ್ನು ಮುಂದಿಟ್ಟಿತು. ರಾತ್ರಿ ಡೆಕ್ಸಾಮೆಥಾಸೋನ್ ಮಾತ್ರೆ ಕೊಡುವುದು, ಮರುದಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದಿದೆಯೇ ನೋಡುವುದು; ಇಳಿಯದಿದ್ದರೆ ಮೆಲಂಕೋಲಿಯಾದ ಸೂಚನೆ. ಕೊನೆಗೂ ಮನೋವೈದ್ಯರಿಗೂ ರಕ್ತಪರೀಕ್ಷೆ ಬಂತು ಎಂದು ಅನೇಕರು ನಂಬಿದರು. ಆದರೆ ತೂಕ ಇಳಿದವರಲ್ಲಿ, ಕುಡಿತ ಬಿಡುತ್ತಿದ್ದವರಲ್ಲಿ, ಮರೆವಿನ ಕಾಯಿಲೆಯವರಲ್ಲೂ ಅದೇ ಫಲಿತಾಂಶ ಬರತೊಡಗಿತು. ದಿನನಿತ್ಯದ ರೋಗಪತ್ತೆಯಲ್ಲಿ ಅದು ನಿಲ್ಲಲಿಲ್ಲ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ಆ ರಕ್ತಸಂಬಂಧಿಗಳ ವಿಷಯವೇ. ಅವರಿಗೆ ರೋಗವಿಲ್ಲ, ಆದರೂ ಕಣ್ಣಿನ ಚಲನೆಯ ಗ್ರಾಫ್ ಏರುಪೇರು. ಹೆಣ್ಣು ನೋಡಲು ಬಂದವರು ಮನೆಯಲ್ಲಿ ಯಾರಿಗಾದರೂ 'ತಲೆ ಸರಿ ಇಲ್ವಾ' ಎಂದು ವಿಚಾರಿಸುವ ಊರು ನಮ್ಮದು. ಅಂಥವರ ಕೈಗೆ ಆ ಗ್ರಾಫ್ ಸಿಗದಂತೆ ಯಾರು ಕಾಯುತ್ತಾರೆ? ಇದಕ್ಕೆ ಉತ್ತರ ಸಿಗುವವರೆಗೆ ಆರೋಗ್ಯವಾಗಿರುವ ತಂಗಿಯನ್ನು ಆ ಯಂತ್ರದ ಮುಂದೆ ಕೂರಿಸಲು ನಾನು ಒಪ್ಪುವುದಿಲ್ಲ.