ಸ್ಟಿಕ್‌ಗೆ ಸ್ಟಾರ್ ಕೊಡುವವರು

ಹೊಸ ಸೀಸನ್ ಹತ್ತಿರ ಬಂತು ಅಂದರೆ ನನ್ನ ಮೊಬೈಲ್‌ಗೆ ಒಂದೇ ಥರದ ಸ್ಕ್ರೀನ್‌ಶಾಟ್‌ಗಳು ಬರಲು ಶುರುವಾಗುತ್ತವೆ. ಮೇಲೆ ಹಾಕಿ ಸ್ಟಿಕ್‌ನ ಫೋಟೋ, ಕೆಳಗೆ 4.6 ಸ್ಟಾರ್, ಜೊತೆಗೊಂದು ಸಾಲು: "ಸರ್, ರಿವ್ಯೂ ಚೆನ್ನಾಗಿದೆ, ತಗೊಳ್ಳಬಹುದಾ?" ಕಳಿಸುವವರಲ್ಲಿ ಅಪ್ಪ ಅಮ್ಮಂದಿರು ಇರುತ್ತಾರೆ, ಆಡುವ ಹುಡುಗ ಹುಡುಗಿಯರೂ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ನನ್ನ ಅಭಿಪ್ರಾಯ ಇಷ್ಟೇ. ಹಾಕಿ ಸಾಮಾನಿನ ರಿವ್ಯೂಗಳಲ್ಲಿ ಸುಳ್ಳೂ ಇರುತ್ತದೆ, ದುಡ್ಡು ಕೊಟ್ಟು ಬರೆಸಿದ್ದೂ ಇರುತ್ತದೆ. ಎಲ್ಲರೂ ಹೆದರುವುದು ಅದಕ್ಕೇ. ಆದರೆ ನಾನು ನೋಡಿದ ಹಾಗೆ ಜನರ ದುಡ್ಡು ಜಾಸ್ತಿ ಹಾಳಾಗುವುದು ಪ್ರಾಮಾಣಿಕ ರಿವ್ಯೂಗಳಿಂದ. ಬರೆದವರು ನಿಜವನ್ನೇ ಬರೆದಿರುತ್ತಾರೆ, ಆ ನಿಜಕ್ಕೂ ನಿಮ್ಮ ಆಟಕ್ಕೂ ಸಂಬಂಧವೇ ಇರುವುದಿಲ್ಲ.

"ಸೂಪರ್ ಸ್ಟಿಕ್. ಪ್ಯಾಕಿಂಗ್ ಚೆನ್ನಾಗಿತ್ತು. ಹೇಳಿದ್ದಕ್ಕಿಂತ ಬೇಗ ಬಂತು. ಮಗನಿಗೆ ತುಂಬಾ ಖುಷಿ." ಐದು ಸ್ಟಾರ್. ಈ ಥರದ್ದು ನೀವೂ ಬೇಕಾದಷ್ಟು ನೋಡಿರುತ್ತೀರಿ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಸ್ಟಿಕ್ ಇನ್ನೂ ಬಾಲ್ ಮುಟ್ಟಿಲ್ಲ! ಆನ್‌ಲೈನ್ ಅಂಗಡಿಗಳು ಸಾಮಾನು ಮನೆ ಸೇರಿದ ಕೆಲವೇ ದಿನಕ್ಕೆ ರೇಟಿಂಗ್ ಕೊಡಿ ಅಂತ ಮೆಸೇಜ್ ಕಳಿಸುತ್ತವೆ. ಆಗ ಸಿಗುವುದು ಪಾರ್ಸೆಲ್‌ನ ರಿವ್ಯೂ.

ಸ್ಟಿಕ್‌ನ ನಿಜವಾದ ಗುಣ ಗೊತ್ತಾಗುವುದು ಆಮೇಲೆ. ಮರಳು ಹಾಕಿದ ಟರ್ಫ್ (ಕೃತಕ ಹುಲ್ಲಿನ ಅಂಗಳ) ಮೇಲೆ ಬಗ್ಗಿ ಬಗ್ಗಿ ಟ್ಯಾಕಲ್ ಮಾಡಿದರೆ ಮೊದಲು ಹೆಡ್‌ನ, ಅಂದರೆ ಸ್ಟಿಕ್‌ನ ಕೆಳಗಿನ ಕೊಕ್ಕೆಯ, ತಳದ ಬಣ್ಣ ಹೋಗುತ್ತದೆ. ಆಮೇಲೆ ಅಂಚು ಸವೆದು ಒಳಗಿನ ನಾರು ಎಳೆ ಎಳೆಯಾಗಿ ಎದ್ದು ಕಾಣುತ್ತದೆ. ಎದುರಾಳಿಯ ಸ್ಟಿಕ್ ಬಡಿದ ಜಾಗದಲ್ಲಿ ಸಣ್ಣ ಗೆರೆ ಬಿದ್ದು, ಅದು ಬರೀ ಗೀರೋ ಅಥವಾ ಬಿರುಕೋ ಅಂತ ಉಗುರಿನಿಂದ ಕೆರೆದು ನೋಡುವ ದಿನ ಬರುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹಿಟ್ ಮಾಡಿದಾಗ 'ಟಕ್' ಅನ್ನುತ್ತಿದ್ದದ್ದು 'ಡಬ್' ಅನ್ನಲು ಶುರು ಮಾಡುತ್ತದೆ. ಅಷ್ಟು ಹೊತ್ತಿಗೆ ಕೊಂಡವರಿಗೆ ರಿವ್ಯೂ ಬರೆದದ್ದೇ ಮರೆತುಹೋಗಿರುತ್ತದೆ. ಮುರಿದರೆ ಮಾತ್ರ ಸಿಟ್ಟಿನಲ್ಲಿ ವಾಪಸ್ ಬಂದು ಒಂದು ಸ್ಟಾರ್ ಒತ್ತುತ್ತಾರೆ. ಹೇಗೆ ಮುರಿಯಿತು, ಯಾರ ಹೊಡೆತಕ್ಕೆ ಮುರಿಯಿತು, ಅದನ್ನು ಬರೆಯುವವರು ಕಡಿಮೆ.

ತುಂಬಾ ಖುಷಿಯಾದವರು ಬರೆಯುತ್ತಾರೆ, ತುಂಬಾ ಸಿಟ್ಟಾದವರು ಬರೆಯುತ್ತಾರೆ, 'ಪರವಾಗಿಲ್ಲ' ಅನ್ನುವವರು ಸುಮ್ನೆ ಇರುತ್ತಾರೆ. ಇದು ಎಲ್ಲ ಸಾಮಾನಿಗೂ ಇರುವ ಕಥೆ. ಆನ್‌ಲೈನ್ ರೇಟಿಂಗ್‌ಗಳ ನಕ್ಷೆ ಇಂಗ್ಲಿಷಿನ 'ಜೆ' ಅಕ್ಷರದ ಆಕಾರದಲ್ಲಿ ಬರುತ್ತದೆ ಅಂತ ಸಂಶೋಧಕರು 2009ರಲ್ಲೇ ಬರೆದಿದ್ದರು. ಐದು ಸ್ಟಾರ್ ರಾಶಿ ರಾಶಿ, ಒಂದು ಸ್ಟಾರ್ ಒಂದಷ್ಟು, ನಡುವೆ ಬರೀ ತೆಳು. 2016ರ ಇನ್ನೊಂದು ಅಧ್ಯಯನ 120 ಬಗೆಯ 1,272 ವಸ್ತುಗಳನ್ನು ತೆಗೆದುಕೊಂಡಿತು. ಗ್ರಾಹಕರು ಕೊಟ್ಟ ಸರಾಸರಿ ಸ್ಟಾರ್‌ಗಳನ್ನು, ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಪರೀಕ್ಷೆ ಮಾಡಿ ಕೊಟ್ಟ ಅಂಕಗಳ ಪಕ್ಕ ಇಟ್ಟು ನೋಡಿತು. ಎರಡಕ್ಕೂ ಸರಿಯಾದ ತಾಳಮೇಳ ಇರಲಿಲ್ಲ. ಅಲ್ಲಿದ್ದದ್ದು ಅಳೆದು ನೋಡಿ ಒಳ್ಳೆಯದು ಕೆಟ್ಟದ್ದು ಅನ್ನಬಹುದಾದ ವಸ್ತುಗಳು. ಸ್ಟಿಕ್ ವಿಷಯದಲ್ಲಿ ಅರ್ಧಕ್ಕರ್ಧ ಲೆಕ್ಕ ಕೈಗೆ ಹೇಗನಿಸುತ್ತದೆ ಅನ್ನುವುದರ ಮೇಲೇ ನಿಂತಿದೆ.

ಒಂದೇ ಸ್ಟಿಕ್ ಕೆಳಗೆ ಇಬ್ಬರು ಬರೆದಿರುತ್ತಾರೆ. ಒಬ್ಬರು "ಪವರ್ ಅಂದ್ರೆ ಇದು, ಮುಟ್ಟಿದರೆ ಸಾಕು ಹಾರುತ್ತೆ" ಅನ್ನುತ್ತಾರೆ. ಇನ್ನೊಬ್ಬರು "ಬಾಲ್ ನಿಲ್ಲೋದೇ ಇಲ್ಲ, ದುಡ್ಡು ದಂಡ" ಅನ್ನುತ್ತಾರೆ. ಇಬ್ಬರೂ ಸರಿ. ಕಾರ್ಬನ್ ನಾರು ಜಾಸ್ತಿ ಇರುವ ಸ್ಟಿಕ್ ಬಿಗಿಯಾಗಿರುತ್ತದೆ. ಹಿಟ್‌ಗೆ ಜೋರು ಬರುತ್ತದೆ, ಅದೇ ಬಿಗಿತದಿಂದ ಟ್ರ್ಯಾಪ್ ಮಾಡುವಾಗ, ಅಂದರೆ ಬಾಲ್ ನಿಲ್ಲಿಸುವಾಗ, ಅದು ಪುಟಿದು ಮುಂದೆ ಹೋಗುತ್ತದೆ. ಬಾಲ್ ಬರುವ ಕ್ಷಣಕ್ಕೆ ಕೈಯನ್ನು ಸಡಿಲ ಬಿಡಲು ಕಲಿತವರಿಗೆ ಅದು ತೊಂದರೆಯೇ ಅಲ್ಲ. ಈಗಷ್ಟೇ ಆಡಲು ಶುರು ಮಾಡಿದವರಿಗೆ ಅದೇ ದೊಡ್ಡ ತೊಂದರೆ, ಮೇಲಿಂದ ಬಾಲ್ ಸರಿಯಾದ ಜಾಗಕ್ಕೆ ತಾಗದಿದ್ದರೆ ಅಂಗೈ ಜುಂ ಅನ್ನುತ್ತದೆ. ಫೈಬರ್‌ಗ್ಲಾಸ್ ಜಾಸ್ತಿ ಇರುವುದು ಇಷ್ಟು ಕಾಟ ಕೊಡುವುದಿಲ್ಲ. ಇಬ್ಬರ ರಿವ್ಯೂ ಸೇರಿಸಿ ಸರಾಸರಿ ತೆಗೆದರೆ 3.5 ಬರಬಹುದು. ಆ 3.5 ಯಾರ ಕೈಯ ಅನುಭವ ಹೇಳಿ? ಬೇರೆಯವರ ಪವರ್ ಕನ್ನಡಕ ಹಾಕಿಕೊಂಡು 'ಇದು ಒಳ್ಳೇ ಕನ್ನಡಕವಾ' ಅಂತ ಕೇಳಿದ ಹಾಗೆ ಇದು.

ಬೋ, ಅಂದರೆ ಸ್ಟಿಕ್‌ನ ಬಾಗಿನ ವಿಷಯದಲ್ಲಂತೂ ಇನ್ನೂ ಗೊಂದಲ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ನಿಯಮದ ಪ್ರಕಾರ ಸ್ಟಿಕ್‌ನ ಬಾಗು 25 ಮಿಲಿಮೀಟರ್ ದಾಟುವಂತಿಲ್ಲ. ಬಾಗು ಅತಿ ಹೆಚ್ಚಿರುವ ಜಾಗ ಹೆಡ್‌ನ ತಳದಿಂದ 200 ಮಿಲಿಮೀಟರ್‌ಗಿಂತ ಕೆಳಗೆ ಇರುವಂತಿಲ್ಲ. ಈ ಗಡಿಯ ಹತ್ತಿರಕ್ಕೆ ತಂದು ನಿಲ್ಲಿಸಿದ ಸ್ಟಿಕ್‌ಗಳೇ ಲೋ ಬೋ. ಡ್ರ್ಯಾಗ್ ಫ್ಲಿಕ್ (ಬಾಲನ್ನು ಸ್ಟಿಕ್‌ನಲ್ಲಿ ಎಳೆದು ಎಸೆಯುವುದು) ಮಾಡುವವರಿಗೆ, ಏರಿಯಲ್ (ಗಾಳಿಯಲ್ಲಿ ಹೋಗುವ ಪಾಸ್) ಎತ್ತುವವರಿಗೆ ಇವು ಬಂಗಾರ. ಬಾಲ್ ಸ್ಟಿಕ್ ಮೇಲೆ ಕೂತು ಜಾರಿಕೊಂಡು ಹೋಗುತ್ತದೆ. ಅದೇ ಸ್ಟಿಕ್‌ನಲ್ಲಿ ನೆಲಕ್ಕಂಟಿಕೊಂಡು ಹೋಗುವ ನೇರ ಹಿಟ್ ಹೊಡೆಯಲು ಅಭ್ಯಾಸ ಬೇಕು, ಇಲ್ಲದಿದ್ದರೆ ಬಾಲ್ ಎದ್ದುಬಿಡುತ್ತದೆ. ಡಿಫೆಂಡರ್ ಒಬ್ಬರು ಲೋ ಬೋ ತಗೊಂಡು "ಹಿಟ್ ಏಳುತ್ತೆ, ವೇಸ್ಟ್" ಅಂತ ಬರೆದರೆ ಅದನ್ನು ಸ್ಟಿಕ್‌ನ ದೋಷ ಅನ್ನಲಾಗದು. ಅವರು ಯಾವ ಜಾಗದಲ್ಲಿ ಆಡುತ್ತಾರೆ ಅನ್ನುವುದನ್ನು ಬರೆದಿದ್ದರೆ ಮಾತ್ರ ಆ ರಿವ್ಯೂ ನಮಗೆ ಉಪಯೋಗ. ಬರೆದಿರುವುದಿಲ್ಲ, ಅಲ್ವಾ?

ತೂಕವೂ ಹಾಗೇ. ನಿಯಮದಲ್ಲಿ 737 ಗ್ರಾಂವರೆಗೆ ಅವಕಾಶ ಇದೆ, ಅಂಥ ಭಾರದ ಸ್ಟಿಕ್ ಹಿಡಿದು ಈಗ ಯಾರೂ ಆಡುವುದಿಲ್ಲ. ದೊಡ್ಡವರ ಸ್ಟಿಕ್ ಸಾಮಾನ್ಯವಾಗಿ 520ರಿಂದ 560 ಗ್ರಾಂ ಒಳಗೇ ಇರುತ್ತದೆ. "ಹೆಡ್ ಭಾರ" ಅನ್ನುವ ದೂರು ಬಹಳ ಸಲ ಒಟ್ಟು ತೂಕದ್ದಲ್ಲ, ತೂಕ ಎಲ್ಲಿ ಕೂತಿದೆ ಅನ್ನುವುದರದ್ದು. ಅದನ್ನು ಕೈಯಲ್ಲಿ ಹಿಡಿದು ನೋಡಬೇಕೇ ಹೊರತು ಓದಿ ತಿಳಿಯುವುದು ಕಷ್ಟ. ಇನ್ನು ಕಾರ್ಬನ್ ಶೇಕಡಾವಾರು ನೋಡಿ ಎರಡು ಬ್ರ್ಯಾಂಡ್‌ಗಳನ್ನು ಹೋಲಿಸುವ ರಿವ್ಯೂಗಳು. ಒಂದು ಕಂಪನಿಯ 90 ಇನ್ನೊಂದು ಕಂಪನಿಯ 90ರಂತೆಯೇ ಆಡಬೇಕು ಅಂತೇನಿಲ್ಲ. ಯಾವ ದರ್ಜೆಯ ಕಾರ್ಬನ್, ಪದರಗಳನ್ನು ಯಾವ ದಿಕ್ಕಿಗೆ ಹಾಕಿದ್ದಾರೆ, ನಾರನ್ನು ಹಿಡಿದಿಡುವ ಅಂಟು (ರೆಸಿನ್) ಯಾವುದು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಬ್ರ್ಯಾಂಡ್ ಅಭಿಮಾನಿಗಳ ಜಗಳ ನೋಡುವಾಗ ನನಗೆ ಇನ್ನೊಂದು ವಿಷಯಕ್ಕೆ ನಗು ಬರುತ್ತದೆ. ಜಗತ್ತಿನ ಎಷ್ಟೋ ಬ್ರ್ಯಾಂಡ್‌ಗಳ ಸ್ಟಿಕ್ ತಯಾರಾಗುವುದು ಪಾಕಿಸ್ತಾನದ ಸಿಯಾಲ್‌ಕೋಟ್ ಅನ್ನುವ ಒಂದೇ ಊರಿನಲ್ಲಿ.

ಅಂಗಡಿ ಪೇಜ್‌ಗಳ ಒಂದು ಕಿತಾಪತಿಯನ್ನೂ ಹೇಳಬೇಕು. ಎಷ್ಟೋ ಕಡೆ ಒಂದೇ ಹೆಸರಿನ ಜೂನಿಯರ್ ಸ್ಟಿಕ್, ಸೀನಿಯರ್ ಸ್ಟಿಕ್, ಕಡಿಮೆ ಕಾರ್ಬನ್, ಜಾಸ್ತಿ ಕಾರ್ಬನ್, ಎಲ್ಲದರ ರಿವ್ಯೂಗಳನ್ನೂ ಒಟ್ಟಿಗೆ ಗುಡ್ಡೆ ಹಾಕಿ ತೋರಿಸುತ್ತಾರೆ. ಹತ್ತು ವರ್ಷದ ಮಗುವಿನ ತಾಯಿ ಬರೆದ "ತುಂಬಾ ಹಗುರ" ಅನ್ನುವ ಮಾತು 37.5 ಇಂಚಿನ ಸ್ಟಿಕ್ ಕೆಳಗೆ ಕಾಣುತ್ತದೆ. ಹಳೇ ಮಾಡೆಲ್‌ನ ಸ್ಟಾರ್‌ಗಳು ಹೊಸ ಮಾಡೆಲ್‌ಗೆ ವರ್ಗಾವಣೆ ಆಗುವುದೂ ಉಂಟು. ಬದಲಾಗಿದ್ದು ಬಣ್ಣ ಮಾತ್ರವಾದರೆ ಪರವಾಗಿಲ್ಲ, ಒಳಗಿನ ಪದರವೇ ಬದಲಾಗಿದ್ದರೆ ಏನು ಮಾಡುತ್ತೀರಿ? ರಿವ್ಯೂ ಬರೆದ ತಾರೀಖು ನೋಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೈಜ್, ಮಾಡೆಲ್ ಕೊಟ್ಟಿದ್ದರೆ ಅದನ್ನೂ ನೋಡಿ.

ನನಗೆ ನಿಜವಾಗಿ ಹೆದರಿಕೆ ಆಗುವುದು ರಕ್ಷಣೆಯ ಸಾಮಾನಿನ ರಿವ್ಯೂ ಓದುವಾಗ. ಹಾಕಿ ಬಾಲ್ ತೂಕ 156ರಿಂದ 163 ಗ್ರಾಂ, ಗಟ್ಟಿ. ಒಳ್ಳೇ ಡ್ರ್ಯಾಗ್ ಫ್ಲಿಕ್‌ನಲ್ಲಿ ಅದು ಗಂಟೆಗೆ 100 ಕಿಲೋಮೀಟರ್‌ಗಿಂತ ಜೋರಾಗಿ ಬರುತ್ತದೆ. ಗೋಲ್‌ಕೀಪರ್ ಹೆಲ್ಮೆಟ್‌ಗೆ, ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆತ ತಡೆಯಲು ಓಡುವವರ ಫೇಸ್ ಮಾಸ್ಕ್‌ಗೆ "ತುಂಬಾ ಕಂಫರ್ಟ್, ನೋಡೋಕೂ ಚೆಂದ, ಐದು ಸ್ಟಾರ್" ಅಂತ ಬರೆದವರ ಮುಖಕ್ಕೆ ಬಾಲ್ ಬಿದ್ದಿತ್ತಾ? ಬಿದ್ದಿಲ್ಲದಿದ್ದರೆ ಅವರು ಹೇಳಿದ್ದು ಸ್ಟ್ರಾಪ್ ಬಗ್ಗೆ, ರಕ್ಷಣೆ ಬಗ್ಗೆ ಅಲ್ಲ.

ಶಿನ್ ಗಾರ್ಡ್, ಮೌತ್ ಗಾರ್ಡ್ ವಿಷಯದಲ್ಲಿ ಸ್ಟಾರ್‌ಗಳು ತಿರುಗುಮುರುಗಾಗಿಯೇ ಕೆಲಸ ಮಾಡುತ್ತವೆ. ತೆಳ್ಳಗಿರುವುದು, ಹಗುರ ಇರುವುದು, ಹಾಕಿದ್ದೇ ಗೊತ್ತಾಗದ್ದು, ಅದಕ್ಕೆ ಸ್ಟಾರ್ ಜಾಸ್ತಿ. ದಪ್ಪಗಿದ್ದು ಕಣಕಾಲಿನವರೆಗೆ ಮುಚ್ಚುವುದಕ್ಕೆ "ಓಡೋಕೆ ಆಗಲ್ಲ, ಸೆಕೆ" ಅಂತ ಮೂರು ಸ್ಟಾರ್. ಬಾಲ್ ಬಂದು ಬಡಿಯುವ ದಿನ ಯಾವುದು ಬೇಕು? ಬಾಯೊಳಗೆ ತುಂಬಿದ ಹಾಗಿರುತ್ತದೆ, ಮಾತಾಡೋಕೆ ಬರಲ್ಲ ಅಂತ ಮೌತ್ ಗಾರ್ಡ್‌ಗೆ ಸ್ಟಾರ್ ಕಳೆದವರು ಎಷ್ಟೋ ಜನ. ದಪ್ಪ ಇದ್ದರೇ ತಾನೇ ಹೊಡೆತ ತಡೆಯುವುದು? ಹಲ್ಲಿನ ಡಾಕ್ಟರ್ ಹತ್ತಿರ ಅಚ್ಚು ತೆಗೆಸಿ ಮಾಡಿಸಿಕೊಂಡರೆ ದಪ್ಪಗಿದ್ದರೂ ಸರಿಯಾಗಿ ಕೂರುತ್ತದೆ, ಆದರೆ ಅದಕ್ಕೆ ಅಂಗಡಿ ಪೇಜೂ ಇಲ್ಲ, ಸ್ಟಾರೂ ಇಲ್ಲ. ಈ ಸಾಮಾನುಗಳಲ್ಲಿ ರಿವ್ಯೂ ಬಿಟ್ಟು ಪರೀಕ್ಷೆಯ ಗುರುತು ನೋಡಿ. ಗೋಲ್‌ಕೀಪರ್‌ಗಳ ಪ್ಯಾಡ್, ಆಟಗಾರರ ಶಿನ್ ಗಾರ್ಡ್‌ಗೆ ಯೂರೋಪಿನಲ್ಲಿ ಇಎನ್ 13546 ಅನ್ನುವ ಮಾನದಂಡವೇ ಇದೆ.

ಶೂ, ಗ್ಲೌಸ್, ಬ್ಯಾಗ್ ರಿವ್ಯೂಗಳನ್ನು ಧಾರಾಳವಾಗಿ ನಂಬಬಹುದು. ಸೋಲ್ ಕಿತ್ತು ಬಂತು, ಜಿಪ್ ಹೋಯಿತು, ಸೈಜ್ ಒಂದು ಚಿಕ್ಕದು ಬರುತ್ತದೆ, ಇವಕ್ಕೆ ಆಟದ ಮಟ್ಟ ಬೇಕಾಗಿಲ್ಲ.

ದುಡ್ಡಿನ ರಿವ್ಯೂಗಳ ಬಗ್ಗೆಯೂ ಒಂದು ಮಾತು. ಫ್ರೀ ಸಾಮಾನು ಕೊಟ್ಟು ಬರೆಸುವುದನ್ನು ಅಮೆಜಾನ್ 2016ರಲ್ಲಿ ತನ್ನದೇ ಒಂದು ಕಾರ್ಯಕ್ರಮ ಬಿಟ್ಟು ಉಳಿದ ಕಡೆ ನಿಲ್ಲಿಸಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಸುಳ್ಳು ರಿವ್ಯೂ ಕೊಳ್ಳುವುದು, ಹೊಗಳಿದರೆ ಮಾತ್ರ ದುಡ್ಡು ಅನ್ನುವುದು, ಕಂಪನಿಯವರೇ ಗುಟ್ಟಾಗಿ ಬರೆಯುವುದು, ಇದೆಲ್ಲ ಅಲ್ಲಿ ನಿಷಿದ್ಧ. ಒಳ್ಳೆಯದೇ. ಆದರೆ ಹಾಕಿಯಲ್ಲಿ ವ್ಯವಹಾರ ನಡೆಯುವುದು ಬೇರೆ ದಾರಿಯಲ್ಲಿ. ದೊಡ್ಡ ಆಟಗಾರರಿಗೆ ಕಂಪನಿ ಸ್ಟಿಕ್ ಕೊಡುತ್ತದೆ, ಅವರು ವಿಡಿಯೋದಲ್ಲಿ ತಿರುಗಿಸಿ ತೋರಿಸುತ್ತಾರೆ. ಒಪ್ಪಂದ ಮುಗಿದು ಇನ್ನೊಂದು ಕಂಪನಿಗೆ ಹೋದರೆ ಹೊಸ ಕಂಪನಿಯ ಸ್ಟಿಕ್ಕೇ ಈಗ 'ಇಲ್ಲಿಯವರೆಗಿನ ಬೆಸ್ಟ್' ಆಗಿರುತ್ತದೆ. ಅದರಲ್ಲಿ ನನಗೇನೂ ಕೋಪ ಇಲ್ಲ, ಅದು ಅವರ ಹೊಟ್ಟೆಪಾಡು. ಅಂಥವರ ಕೈಗೆ ಯಾವ ಸ್ಟಿಕ್ ಕೊಟ್ಟರೂ ಬಾಲ್ ಗೋಲ್ ಒಳಗೇ ಹೋಗುತ್ತದೆ, ಹಾಗಾಗಿ ಅವರ ಅನುಭವ ಹೊಸಬರಿಗೆ ಉಪಯೋಗಕ್ಕೆ ಬರುವುದು ಕಡಿಮೆ ಅಷ್ಟೇ.

ಹಾಗಾದರೆ ನಾನು ರಿವ್ಯೂ ಓದುವುದೇ ಇಲ್ಲವಾ? ಓದುತ್ತೇನೆ. ಮೇಲಿರುವ ಸರಾಸರಿ ಸ್ಟಾರ್ ನೋಡುವುದಿಲ್ಲ. ನೇರ ಮೂರು, ನಾಲ್ಕು ಸ್ಟಾರ್ ಕೊಟ್ಟವರ ಹತ್ತಿರ ಹೋಗುತ್ತೇನೆ. ಅವರಿಗೆ ಸ್ಟಿಕ್ ಇಷ್ಟವೂ ಆಗಿರುತ್ತದೆ, ಒಂದು ಕಿರಿಕಿರಿಯೂ ಇರುತ್ತದೆ, ಆ ಕಿರಿಕಿರಿಯನ್ನು ಬಿಡಿಸಿ ಬರೆದಿರುತ್ತಾರೆ. ಸವೆದ ಹೆಡ್‌ನ ಫೋಟೋ ಹಾಕಿದವರ ಮಾತಿಗೆ ನನ್ನ ಹತ್ತಿರ ಬೆಲೆ ಜಾಸ್ತಿ. ಒಬ್ಬರ ಸ್ಟಿಕ್ ಮುರಿದಿದ್ದರೆ ಅದು ದುರದೃಷ್ಟ ಇರಬಹುದು. ಪರಿಚಯವೇ ಇಲ್ಲದ ಬೇರೆ ಬೇರೆ ಜನ ಗ್ರಿಪ್ ಮುಗಿಯುವ ಅದೇ ಜಾಗದಲ್ಲೇ ಬಿರುಕು ಬಿಟ್ಟಿತು ಅಂತ ಬರೆದಿದ್ದರೆ, ಮೇಲೆ 4.6 ಇದ್ದರೂ ನಾನು ಕೊಳ್ಳುವುದಿಲ್ಲ.

ಕಾಮೆಂಟ್‌ನಲ್ಲಿ ನಿಮ್ಮ ನಿಮ್ಮ ಸ್ಟಿಕ್ ಬಗ್ಗೆ ಬರೆಯಿರಿ, ಮುಂದಿನ ಸ್ಕ್ರೀನ್‌ಶಾಟ್ ಬಂದಾಗ ನಾನು ಈ ಪೋಸ್ಟಿನ ಲಿಂಕ್ ಕಳಿಸುತ್ತೇನೆ. ಯಾವ ಜಾಗದಲ್ಲಿ ಆಡುತ್ತೀರಿ, ನೀರಿನ ಟರ್ಫಾ ಮರಳಿನದಾ, ಸ್ಟಿಕ್‌ನ ಉದ್ದ, ತೂಕ, ಬೋ, ತಗೊಂಡು ಎಷ್ಟು ತಿಂಗಳಾಯಿತು, ಈಗ ಹೆಡ್ ಹೇಗಿದೆ, ಇಷ್ಟು ಇರಲಿ. ಆಗುವುದಾದರೆ ಒಂದು ಫೋಟೋ ಹಾಕಿ, ತೊಳೆಯದೇ ಇದ್ದರೂ ಪರವಾಗಿಲ್ಲ. ಸ್ಟಾರ್ ಮಾತ್ರ ಬೇಡ.